ಕೆಂಪಾಗಬಾರದಿದ್ದ ಅರಿಶಿಣ

ತುಂಗಭದ್ರೆ ಹೊಳೆ ಮ್ಯಾಲೆ ಆಣೆ ಮಾಡಿ ಹೇಳ್ತೀನಿ, ಇದು ನಡೆದದ್ದೇ ಸಂಗತಿ. ಅಲ್ಲೊಂದು ಇಲ್ಲೊಂದು ಚಿಟಿಕೆ ಉಪ್ಪು ಹೆಚ್ಚಾಗಿರಬೌದು, ಅನ್ನ ಮಾತ್ರ ಅದೇ ಅನ್ನ. ಅನುಮಾನ ಬಂದೋರು ಗುತ್ತೂರಿನ ಯಾವ ಚಾ ಅಂಗಡಿಗಾದ್ರೂ ಹೋಗಿ ಕೇಳ್ರಿ. ಚಾ ಕುಡುದು ಕೇಳ್ರಿ, ಸುಮ್ನೆ ಕೇಳಿದ್ರೆ ಹೇಳಲ್ಲ ಅವರು.

"ಇದು ರಕ್ತ ಅಂತ ಯಾರು ಹೇಳಿದ್ದು?" ಅಂತ ಕೇಳಿದ್ಲು ತಿಮ್ಮವ್ವ.

ಮೇಜಿನ ಮ್ಯಾಲೆ ಬಿಳೀ ಕೋಟು ಹರವಿತ್ತು. ಎಡಗಡೆ ತೋಳಿಗೆ ಅಂಗೈ ಅಗಲ ಕೆಂಪು ಕಲೆ. ಜೇಬಿನ ಮ್ಯಾಲೆ ಹನುಮೇಶ್ ಅಂತ ಹೆಸರು ಹೊಲಿದಿತ್ತು.

"ಹೇಳೋದೇನು, ಕಣ್ಣಿಗೆ ಕಾಣಲ್ವೇನ್ರಿ?" ಅಂದ ವಾಮದೇವಪ್ಪ. ಅಂದು, ಎಲೆ ಮಡಿಲಿಗೆ ಹಾಕ್ಕೊಂಡು ಹೆಬ್ಬೆರಳಿನಿಂದ ಸುಣ್ಣ ಸವರಾಕೆ ಶುರು ಮಾಡಿದ.

ಗುತ್ತೂರಿನ ಹೊರಗಿನ ಈ ಔಷಧಿ ಶೆಡ್ಡು ವಾಮದೇವಪ್ಪನದು. ಸೋಮವಾರ ಬೆಳಿಗ್ಗೆ ನೋಡಿದ್ರೆ ಫ್ರಿಜ್ಜಿನಾಗಿದ್ದ ಏಳನೇ ನಂಬರ್ ಬಾಟ್ಲಿ ಇಲ್ಲ, ಗೂಟಕ್ಕೆ ನೇತಾಡೋ ಹನುಮೇಶನ ಕೋಟಿನ ಮ್ಯಾಲೆ ಈ ಕಲೆ. ಕತೆ ಇಲ್ಲಿಗೆ ಬಂದು ನಿಂತಿತ್ತು. ಈಗ ಮಂಗಳವಾರ ಮಧ್ಯಾಹ್ನ ಮೂರು ಗಂಟೆ.

"ಫ್ರಿಜ್ಜಿನ ಗಾಜಿನ ಹಲಗೆ ಅಂಚು ಒಡೆದೈತೆ," ಅಂದ ವಾಮದೇವಪ್ಪ. "ಕದಿಯೋವಾಗ ಕೈಗೆ ತಾಗೈತೆ. ರಕ್ತ ಬಂದೈತೆ. ಕೋಟಿಗೆ ಒರೆಸ್ಯಾನೆ. ನಾಕು ಗಂಟೆಗೆ ಸಬ್ ಇನ್ಸ್‌ಪೆಕ್ಟರ್ ಬರ್ತಾರೆ, ಒಪ್ಪಿಸಿ ಕೈ ತೊಳ್ಕೊಂತೀನಿ. ಅಲ್ಲೀವರೆಗೆ ನೀವು ಏನು ನೋಡ್ತೀರೋ ನೋಡ್ರಿ."

ಮಿಷನ್ ನಡ್ಸೋ ಹನುಮೇಶ ಗೋಡೆಗೆ ಒರಗಿ ನಿಂತಿದ್ದ. ಅವನ ತಾಯಿ ಅಂಜಿನವ್ವ ಎರಡು ದಿನದಿಂದ ಗೇಟಿನ ಹೊರಗೆ ಕೂತಿದ್ಲು. ಆವರಗೆರೆಗೆ ಹೇಳಿ ಕಳ್ಸಿ ತಿಮ್ಮವ್ವನ್ನ ಕರೆಸಿದೋಳು ಅವಳೇ. ಕೇಸು ಒಂದು ಬಿತ್ತು ಅಂದ್ರೆ ಹರಿಹರದ ಸುತ್ತ ಯಾವ ಕಾರ್ಖಾನಿ ಗೇಟೂ ಈ ಹುಡುಗನಿಗೆ ತೆಗಿಯಲ್ಲ. ಅದು ಅಂಜಿನವ್ವಗೂ ಗೊತ್ತು, ಹನುಮೇಶಗೂ ಗೊತ್ತು. ಆದ್ರೂ ಅವನು ಬಾಯಿ ಬಿಡ್ತಿರಲಿಲ್ಲ.

ತಿಮ್ಮವ್ವ ಪೊಲೀಸೂ ಅಲ್ಲ, ವಕೀಲಳೂ ಅಲ್ಲ. ದಾವಣಗೆರೆ ಪಿ.ಜೆ. ಬಡಾವಣೆಯ ಒಂದು ನರ್ಸಿಂಗ್ ಹೋಮಿನಾಗೆ ಮೂವತ್ತೊಂದು ವರ್ಷ ಬಟ್ಟೆ ಒಗೆದೋಳು. ಅವಳು ಒಗೆದ ಬೆಡ್‌ಶೀಟೆಲ್ಲ ತುದಿಗೆ ತುದಿ ಗಂಟು ಹಾಕಿದ್ರೆ ದಾವಣಗೆರೆಯಿಂದ ಹರಿಹರಕ್ಕೆ ಹೋಗಿ, ಸೇತುವೆ ದಾಟಿ, ಹೊಳೆ ಆಚೆ ಊರು ಮುಟ್ಟಿ, ತಿರುಗಿ ಆವರಗೆರೆಗೆ ಬಂದ ಮ್ಯಾಲೂ ಹೊದೆಯಾಕೆ ಎರಡು ಉಳೀತಾವೆ. ಅಂಗಿ ಮ್ಯಾಲಿನ ಕಲೆ ನೋಡಿ, ಆ ಮನುಷ್ಯ ಬೆಳಿಗ್ಗೆ ಏನು ತಿಂದ, ಯಾರ ಜೊತೆ ಜಗಳ ಆಡಿದ, ಸೋತ್ನಾ ಗೆದ್ನಾ ಅಂತ ಹೇಳ್ತಿದ್ಲು.

"ಎರಡು ದಿನದ ರಕ್ತ ಹಿಂಗಿರಲ್ಲ," ಅಂದ್ಲು. "ಕಂದು ಬರ್ತದೆ, ಬಟ್ಟೆ ಸೆಟೀತದೆ. ಇದು ಇನ್ನೂ ಮದುವಿ ಮನಿ ಹಂಗೆ ಕೆಂಪಗೈತೆ. ಹನುಮೇಶ, ಕೈ ತೋರ್ಸಪ್ಪ."

ಹನುಮೇಶ ಎರಡೂ ಕೈ ತೋರಿಸಿದ. ಗೀರು ಕೂಡ ಇರಲಿಲ್ಲ.

"ಮಾದಿರಬೇಕು," ಅಂದ ವಾಮದೇವಪ್ಪ.

"ಎರಡು ದಿನಕ್ಕೆ ಗುರುತಿಲ್ಲದಂಗೆ ಮಾಯೋ ಚರ್ಮ ಇದ್ರೆ, ನಿಮ್ಮ ಔಷಧಿ ಬಿಟ್ಟು ಇವನನ್ನೇ ಮಾರ್ರಿ ಯಜಮಾನ್ರೇ."

ಮೂಲೆಯಾಗೆ ಕುರ್ಚಿ ಮ್ಯಾಲೆ ಕೂತಿದ್ದ ಮುದುಕಿ ಫಕ್ಕನೆ ನಕ್ಕು ಸೆರಗು ಬಾಯಿಗೆ ಹಿಡಿದ್ಲು. ಅವಳು ಕಸ್ತೂರಮ್ಮ, ವಾಮದೇವಪ್ಪನ ತಾಯಿ. ಎಂಬತ್ತು ದಾಟಿತ್ತು. ಮಗನಿಗೆ ಊಟದ ಡಬ್ಬಿ ತಂದೀನಿ ಅಂತ ಬಂದೋಳು ಬೆಳಿಗ್ಗೆಯಿಂದ ಅಲ್ಲೇ ಕೂತಿದ್ಲು.

"ಡಬ್ಬಿ ನೀವೇ ತರಬೇಕೇನ್ರಿ ಅವ್ವಾರೆ? ಮಗ ಹಾಕ್ಕೊಂಡು ಬರಬೌದಲ್ಲ," ಅಂದ್ಲು ತಿಮ್ಮವ್ವ.

"ಇವನಾ? ಸಾರಿಗೆ ಉಪ್ಪು ಕಡಿಮಿ ಆದ್ರೆ ಉಪ್ಪಿನ ಡಬ್ಬಿ ಯಾವುದು ಅಂತ ಕೇಳ್ತಾನೆ. ಅಡಿಗಿ ಮನಿ ಹೊಸ್ತಿಲು ದಾಟಿದೋನಲ್ಲ ನನ್ನ ಮಗ."

"ಅವ್ವ, ಸುಮ್ನಿರು," ಅಂದ ವಾಮದೇವಪ್ಪ. ಎಲೆ ಮಡಚಿ ಬಾಯಿಗಿಟ್ಟ.

ತಿಮ್ಮವ್ವ ಅವನ ಮಗಳ ಕಡೆ ತಿರುಗಿದ್ಲು. ಆ ಬಾಟ್ಲಿಯಾಗಿನ ಔಷಧಿ ಕಂಡುಹಿಡಿದೋಳು ಪೂಜಾ, ಓದಿದ ಹುಡುಗಿ. ಎರಡು ದಿನದಿಂದ ನಿದ್ದೆ ಇಲ್ಲದೆ ಕಣ್ಣು ಒಳಗೆ ಹೋಗಿದ್ವು.

"ತಂಗೀ, ಆ ಬಾಟ್ಲಿಯಾಗೆ ಅಂಥದ್ದೇನಿತ್ತು? ನನಗೆ ತಿಳಿಯೋ ಹಂಗೆ ಹೇಳು."

"ಅರಿಶಿಣ."

"ಅಷ್ಟೇನಾ? ನಮ್ಮನ್ಯಾಗೂ ಐತೆ."

"ನಿಮ್ಮನೆ ಅರಿಶಿಣ ನುಂಗಿದ್ರೆ ಮೈಗೆ ಹತ್ತಲ್ಲ ತಿಮ್ಮವ್ವಾರೆ. ನೀರಿಗೆ ಕರಗಲ್ಲ ಅದು. ಹೊಟ್ಟೆ ಒಳಗೆ ಹೋದದ್ದು ಬಹಳಷ್ಟು ಹಂಗೇ ಹೊರಗೆ ಹೋಗ್ತೈತೆ. ಅದಕ್ಕೆ ಅರಿಶಿಣದ ಸಾರ ತೆಗೆದು, ಕಣ ಕಣ ಮಾಡಿ, ಒಂದೊಂದು ಕಣಕ್ಕೂ ಜಿಡ್ಡಿನ ಅಂಗಿ ತೊಡಿಸ್ತೀವಿ. ಅಂಗಿ ಹಾಕ್ಕೊಂಡಿದ್ದು ಕರುಳು ದಾಟಿ ಒಳಗೆ ಇಳೀತೈತೆ. ಕೀಲು ನೋವಿಗೆ ಅಂತ ಮಾಡಿದ್ದು. ನ್ಯಾನೋ ಅಂತಾರೆ ಇದಕ್ಕೆ."

"ಎಷ್ಟು ಸಣ್ಣದು ಆ ಕಣ?"

"ಒಂದು ಕೂದಲು ದಪ್ಪ ಎಷ್ಟಿರ್ತೈತೆ? ಅಷ್ಟು ಅಡ್ಡಕ್ಕೆ ಎಂಟುನೂರು ಕಣ ಸಾಲಾಗಿ ನಿಲ್ತಾವೆ."

ತಿಮ್ಮವ್ವ ತನ್ನ ತಲೆಯಿಂದ ಒಂದು ಬಿಳೀ ಕೂದಲು ಕಿತ್ತು ಬೆಳಕಿಗೆ ಹಿಡಿದು ನೋಡಿದ್ಲು.

"ಎಂಟುನೂರು ಅಂಗಿ," ಅಂದ್ಲು. "ಒಗೆಯೋರು ಯಾರು?"

ಪೂಜಾ ಎರಡು ದಿನದಾಗೆ ಮೊದಲ ಸಲ ನಕ್ಕಳು.

"ಆರು ಬಾಟ್ಲಿ ಕೆಟ್ಟವು," ಅಂತ ಮುಂದೆ ಹೇಳಿದ್ಲು. "ವಾರದಾಗೆ ಕಣ ಕಣ ಅಂಟ್ಕೊಂಡು ಗಂಟಾಗ್ತಿದ್ವು. ಏಳನೇದು ಮೂರು ತಿಂಗಳಾದ್ರೂ ಕೆಡಲಿಲ್ಲ. ನಿನ್ನೆ ಬೆಂಗಳೂರಿಗೆ ಪರೀಕ್ಷೆಗೆ ಹೋಗಬೇಕಿತ್ತು. ಶುಕ್ರವಾರ ನಾನೇ ಅದನ್ನ ಕಳ್ಸೋ ಬಾಟ್ಲಿಗೆ ತುಂಬಿ ಸೀಲ್ ಒತ್ತಿ ಇಟ್ಟಿದ್ದೆ."

"ಬ್ಯಾರೆ ಯಾರಿಗಾದ್ರೂ ಆಸೆ ಇತ್ತಾ ಇದರ ಮ್ಯಾಲೆ?"

"ಹುಬ್ಬಳ್ಳಿ ಕಡೆ ಪಾರ್ಟಿ ಮೂರು ಸಲ ಬಂದು ಹೋದ್ರು. ಒಂದು ಬಾಟ್ಲಿ ಕೊಡ್ರಿ ಸಾಕು, ಕೇಳಿದಷ್ಟು ರೊಕ್ಕ ಕೊಡ್ತೀವಿ ಅಂತ. ಪರೀಕ್ಷೆ ಮುಗಿಯೋವರೆಗೆ ಒಂದು ಹನಿ ಕೊಡಲ್ಲ ಅಂದೆ ನಾನು."

"ಇದನ್ನೆಲ್ಲ ಹೇಳೋದ್ಯಾಕ?" ಅಂದ ವಾಮದೇವಪ್ಪ. "ಕೀಲಿ ಇರೋದು ಮೂರು. ನಂದು, ಮಗಳದು, ಇವನದು. ಭಾನುವಾರ ಇವನು ಬಾಗಿಲು ತೆಗೆದದ್ದನ್ನ ಪಕ್ಕದ ಶೆಡ್ಡಿನ ವಾಚ್‌ಮನ್ ನೋಡ್ಯಾನೆ. ಯಾಕ ತೆಗೆದೆ ಅಂದ್ರೆ ಮೂಕ ಆಗ್ತಾನೆ. ಇನ್ನೇನು ಬೇಕು?"

ತಿಮ್ಮವ್ವ ಹನುಮೇಶನ ಮುಂದೆ ಹೋಗಿ ನಿಂತ್ಲು.

"ಯಾಕ ತೆಗೆದೆ?"

"ಹೇಳಂಗಿಲ್ಲ ತಿಮ್ಮವ್ವ."

"ಜೈಲಿಗೆ ಹೋಗ್ತೀಯ."

"ಹೋಗ್ತೀನಿ. ಆಣೆ ಹಾಕಿಸ್ಕೊಂಡಾರೆ."

ಅಷ್ಟು ಹೇಳಿ ತುಟಿ ಕಚ್ಚಿದ. ಮೂಲೆಯಾಗೆ ಕುರ್ಚಿ ಕಿರ್ರಂತು.

ತಿಮ್ಮವ್ವ ಕುರ್ಚಿ ಕಡೆ ನೋಡ್ಲಿಲ್ಲ. ಸೀದಾ ಹೊರಗೆ ಹೋದ್ಲು. ಗೇಟಿನ ಹತ್ರ, ದಾರಿ ಕೂಡೋ ಜಾಗದಾಗೆ, ಬಗ್ಗಿ ನೆಲ ನೋಡಿದ್ಲು. ಬರೋವಾಗಲೇ ಕಣ್ಣಿಗೆ ಬಿದ್ದಿತ್ತು ಅದು. ಒಂದು ತಟ್ಟೆ ನೀರು ಚೆಲ್ಲಿದಷ್ಟು ಜಾಗ, ಒಣಗಿ, ಅಂಚಿಗೆ ಕೆಂಪು ಉಳಿದಿತ್ತು. ನಡುವೆ ಅರ್ಧ ಸುಟ್ಟ ಬತ್ತಿ ಎರಡು.

ಬತ್ತಿ ತಂದು ಕೋಟಿನ ಪಕ್ಕ ಮೇಜಿನ ಮ್ಯಾಲಿಟ್ಲು.

"ಅವ್ವಾರೆ," ಅಂದ್ಲು ಕಸ್ತೂರಮ್ಮಗೆ, ಮೆತ್ತಗೆ. "ಮನೆಗೆ ಸೊಸೆ ಬಂದಾಗ, ಕೂಸು ಬಂದಾಗ, ಆರತಿ ತಟ್ಟೆಗೆ ಏನು ಹಾಕ್ತೀರಿ?"

"ನೀರು."

"ಮತ್ತೆ?"

"ಅರಿಶಿಣ. ಸುಣ್ಣ."

"ಆಮೇಲೆ?"

ಮುದುಕಿ ಕೋಟು ನೋಡಿದ್ಲು. ಬತ್ತಿ ನೋಡಿದ್ಲು. ಮುಖದಾಗೆ ಒಂದೊಂದೇ ಗೆರೆ ಇಳೀತು.

"ಕೆಂಪಾಗ್ತದೆ," ಅಂದ್ಲು. "ಅಯ್ಯೋ ಶಿವನೇ. ಇದು ನನ್ನ ಕೈ ಕಲೆ. ನಾನು ರಕ್ತ ಅಂದ್ಕೊಂಡು ಕೂತೀನಿ ಎರಡು ದಿನದಿಂದ."

ವಾಮದೇವಪ್ಪ ಬಾಯಾಗಿನ ಎಲೆ ಅಗಿಯೋದು ನಿಲ್ಲಿಸಿದ.

ಕಸ್ತೂರಮ್ಮ ಹೇಳಿದ್ದು ಇಷ್ಟು. ಮೊಮ್ಮಗಳು ಮೂರು ವರ್ಷ ಕಷ್ಟಪಟ್ಟು ಮಾಡಿದ ಔಷಧಿ ಮೊದಲ ಸಲ ಊರು ದಾಟಿ ಹೊಂಟೈತೆ. ಎಷ್ಟು ಜನರ ಕಣ್ಣು ಬಿದ್ದಿರ್ತದೋ. ದೃಷ್ಟಿ ತೆಗಿಬೇಕು. ಆದ್ರೆ ಶೆಡ್ಡಿನೊಳಗೆ ದೀಪ ಗೀಪ ಹಚ್ಚಿದ್ರೆ ಮಗ ಬೈತಾನೆ. ಅದಕ್ಕೆ ಭಾನುವಾರ ಹನುಮೇಶನ್ನ ಕರ್ಕೊಂಡು ಬಂದ್ಲು. ಮಗನಿಗೆ ಹೇಳಂಗಿಲ್ಲ ಅಂತ ಅವನ ತಾಯಿ ಮ್ಯಾಲೆ ಆಣೆ ಹಾಕಿಸ್ಕೊಂಡ್ಲು. ಅವನು ಹೊರಗೆ ನಿಂತ, ಇವಳು ಒಳಗೆ ಹೋದ್ಲು.

"ತಟ್ಟೆ ತಂದೆ, ಬತ್ತಿ ತಂದೆ, ಇವನ ಎಲೆ ಪೆಟ್ಟಿಗೆಯಿಂದ ಸುಣ್ಣ ತಂದೆ. ಅರಿಶಿಣ ಮಾತ್ರ ತರ್ಲಿಲ್ಲ."

"ಅದ್ಯಾಕ ಮರೆತ್ರಿ?"

"ಮರೀಲಿಲ್ಲಮ್ಮ. ಅರಿಶಿಣದ ಕಾರ್ಖಾನಿಗೆ ಅರಿಶಿಣ ಹೊತ್ಕೊಂಡು ಹೋಗೋದ್ಯಾಕ ಅಂದ್ಕೊಂಡೆ. ಇಲ್ಲಿ ನೋಡಿದ್ರೆ ಎಲ್ಲಾದಕ್ಕೂ ಬೀಗ. ಫ್ರಿಜ್ಜಿನಾಗೆ ಆ ಬಾಟ್ಲಿ ಒಂದೇ ಕೈಗೆ ಸಿಕ್ಕಿದ್ದು. ಇದೂ ಅರಿಶಿಣವೇ ಅಲ್ವಾ ಅಂತ ಸೀಲ್ ಕಿತ್ತು ನಾಕು ಹನಿ ತಟ್ಟೆಗೆ ಹಾಕ್ದೆ. ಬೆಳಗಿದೆ. ಕೈ ಒರೆಸಾಕೆ ಬಟ್ಟೆ ಸಿಗಲಿಲ್ಲ, ಗೂಟದಾಗೆ ಏನೋ ನೇತಾಡ್ತಿತ್ತು, ಅದಕ್ಕೆ ಒರೆಸ್ದೆ."

"ಬಾಟ್ಲಿ?"

"ಮುಚ್ಚಳ ಹಾಕಿ ಇದ್ದಲ್ಲೇ ಇಟ್ಟೆ. ಆ ಲಿಂಗದಾಣೆ, ಇದ್ದಲ್ಲೇ ಇಟ್ಟೆ."

ಹನುಮೇಶ ಗೋಡೆಗೆ ಒರಗಿದ್ದೋನು ಹಂಗೇ ಕುಸಿದು ನೆಲಕ್ಕೆ ಕೂತ. ಅಳಲಿಲ್ಲ. ಎರಡು ದಿನದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟ ಅಷ್ಟೇ. ಆ ಉಸಿರಿಗೆ ಮೇಜಿನ ಮ್ಯಾಲಿನ ಬತ್ತಿ ಹಾರಿ ಹೋಗಿ ಕಿಟಕಿಗೆ ಬಡೀತು ಅಂತಾರೆ ಅಲ್ಲಿದ್ದೋರು.

ಆದ್ರೆ ಪೂಜಾ ಮುಖ ಬಿಳಿಚಿಕೊಂಡಿತ್ತು.

"ಅಜ್ಜಿ," ಅಂದ್ಲು. "ಹನಿ ಹಾಕಿದ ಮ್ಯಾಲೆ ತಟ್ಟೆ ಕೆಂಪಾಗಾಕೆ ಎಷ್ಟು ಹೊತ್ತು ಆಯ್ತು?"

"ಎಷ್ಟು ಹೊತ್ತು ಅಂದ್ರೆ? ಹಾಕಿದ ಕೂಡ್ಲೆ ಆಯ್ತು. ಎಲ್ಲರ ಮನ್ಯಾಗೂ ಆಗಂಗೆ."

"ಕೂಡ್ಲೆ?"

"ಕೂಡ್ಲೆ."

ಪೂಜಾ ಎದ್ದು ಹೋಗಿ ಒಳಗಿನ ಬೀರು ತೆಗೆದು ಆರನೇ ಬಾಟ್ಲಿ ತಂದ್ಲು. ಒಂದು ಗಾಜಿನ ಬಟ್ಟಲಿಗೆ ನಾಕು ಹನಿ ಬಿಟ್ಟು ನೀರು ಹಾಕಿದ್ಲು. ಅಪ್ಪನ ಎಲೆ ಪೆಟ್ಟಿಗೆಯಿಂದ ಕಡ್ಲೆಕಾಳಿನಷ್ಟು ಸುಣ್ಣ ತಗೊಂಡು ಕಲಸಿದ್ಲು.

ಎಲ್ಲರೂ ಬಗ್ಗಿ ನೋಡಿದ್ರು. ಹಳದಿ ಹಳದಿಯಾಗೇ ಇತ್ತು.

"ಅಂಗಿ ಐತಲ್ಲ ಇದಕ್ಕೆ," ಅಂದ್ಲು ಪೂಜಾ. "ಸುಣ್ಣ ಅಷ್ಟು ಸುಲಭಕ್ಕೆ ಒಳಗೆ ಮುಟ್ಟಲ್ಲ. ಗಂಟಾಗಿ ಕೆಟ್ಟ ಆರನೇದಕ್ಕೇ ಕಾಲು ತಾಸು ಬೇಕು ಬಣ್ಣ ತಿರುಗಾಕೆ. ಏಳನೇದಕ್ಕೆ ಇನ್ನೂ ಹೆಚ್ಚು. ಕೂಡ್ಲೆ ಕೆಂಪಾಯ್ತು ಅಂದ್ರೆ ಅಜ್ಜಿ ಹಾಕಿದ್ದು ನನ್ನ ಔಷಧಿ ಅಲ್ಲ. ಬರೀ ಅರಿಶಿಣದ ನೀರು."

ಹಳದಿ ಬಟ್ಟಲನ್ನ ಕೋಟಿನ ಪಕ್ಕ ಇಟ್ಲು.

"ಹಂಗಾದ್ರೆ," ಅಂದ್ಲು ತಿಮ್ಮವ್ವ, "ಭಾನುವಾರಕ್ಕಿಂತ ಮೊದ್ಲೇ ಯಾರೋ ನಿನ್ನ ಔಷಧಿ ಬಗ್ಗಿಸ್ಕೊಂಡು, ಅಡಿಗಿ ಅರಿಶಿಣ ಕಲಸಿ ತುಂಬಿ, ಹೊಸ ಸೀಲ್ ಒತ್ತ್ಯಾರೆ. ಅದು ಬೆಂಗಳೂರಿಗೆ ಹೋಗಿ ಫೇಲ್ ಆಗ್ತಿತ್ತು. ನಿನ್ನ ವಿದ್ಯೆನೇ ಸರಿ ಇಲ್ಲ ಅಂತ ಆಗ್ತಿತ್ತು. ಯಾರಿಗೂ ಅನುಮಾನ ಬರ್ತಿರಲಿಲ್ಲ. ಅಷ್ಟರಾಗೆ ನಿಮ್ಮಜ್ಜಿ ಸೀಲ್ ಕಿತ್ತ್ಲು. ಸೀಲ್ ಕಿತ್ತಿದ್ದು ನೋಡಿದ್ರೆ ನೀನು ತೆಗೆದು ನೋಡ್ತಿದ್ದಿ, ಗುಟ್ಟು ಹೊರಗೆ ಬರ್ತಿತ್ತು. ಅದಕ್ಕೆ ಬಾಟ್ಲಿನೇ ಮಾಯ."

"ಕತಿ ಚೆನ್ನಾಗೈತೆ," ಅಂದ ವಾಮದೇವಪ್ಪ. ದನಿ ತಣ್ಣಗಿತ್ತು. "ಈ ಕತಿ ಹೊರಗೆ ಹೋದ್ರೆ ಬಾಟ್ಲಿ ತುಂಬಿದೋಳು ನನ್ನ ಮಗಳು ಅಂತಾರೆ ಮಂದಿ. ಅವಳೇ ನೀರು ತುಂಬ್ಯಾಳೆ ಅಂತಾರೆ. ಅದಕ್ಕಿಂತ ರಕ್ತ ಅಂತಲೇ ಇರ್ಲಿ ತಿಮ್ಮವ್ವ."

"ಅಪ್ಪಾಜಿ," ಅಂದ್ಲು ಪೂಜಾ.

"ನೀನು ಸುಮ್ನಿರು. ನಿನ್ನ ಮರ್ಯಾದಿ ದೊಡ್ಡದಾ, ಇವನ ಕೆಲಸ ದೊಡ್ಡದಾ?"

"ಇವನು ಎರಡು ದಿನದಿಂದ ನಿಮ್ಮವ್ವನ ಮಾತು ಉಳ್ಸಾಕೆ ಕಳ್ಳ ಅನ್ನಿಸ್ಕೊಂಡು ನಿಂತಾನೆ," ಅಂದ್ಲು ತಿಮ್ಮವ್ವ. "ಯಾವುದು ದೊಡ್ಡದು ಅಂತ ನನಗೂ ಗೊತ್ತಿಲ್ಲ ಯಜಮಾನ್ರೇ. ನಾನು ಬರೀ ಕಲೆ ನೋಡೋಳು."

ಗೇಟಿನ ಹತ್ರ ಜೀಪು ನಿಂತ ಸದ್ದಾಯ್ತು. ನಾಕಾಗಾಕೆ ಹತ್ತು ನಿಮಿಷ ಇತ್ತು.

ಸಬ್ ಇನ್ಸ್‌ಪೆಕ್ಟರ್ ಅಂಜನಕುಮಾರ ಒಳಗೆ ಬಂದು ಟೋಪಿ ತೆಗೆದು ಮೇಜಿನ ಮ್ಯಾಲಿಟ್ಟ. ನಿಧಾನದ ಮನುಷ್ಯ. ಎಲ್ಲಾ ಕೇಳಿದ. ಬಟ್ಟಲು ನೋಡಿದ. ಕೋಟು ಮೂಸಿದ.

"ಅಜ್ಜಿ ಹೇಳಿದ್ದು ಸರಿ ಇರಬೌದು ತಿಮ್ಮವ್ವಾರೆ. ಆದ್ರೆ ಅಜ್ಜಿಗೆ ಆ ಹುಡುಗನ ಮ್ಯಾಲೆ ಕರುಣೆ ಬಂದು ಹೇಳ್ತಾರೆ ಅನ್ನಬೌದಲ್ಲ ಯಾರಾದ್ರೂ. ಇದು ರಕ್ತ ಅಲ್ಲ ಅನ್ನಾಕೆ ಏನೈತೆ? ಲ್ಯಾಬಿಗೆ ಕಳ್ಸಿದ್ರೆ ತಿಂಗಳು ಹಿಡೀತೈತೆ."

"ತಿಂಗಳು ಯಾಕ್ರಿ. ನಿಂಬೆಹಣ್ಣು ಸಾಕು."

ತಿಮ್ಮವ್ವನ ಚೀಲದಾಗೆ ನಿಂಬೆಹಣ್ಣು ಯಾವಾಗಲೂ ಇರ್ತಿತ್ತು. ಅರ್ಧಕ್ಕೆ ಕೊಯ್ದು ಒಂದು ಹೋಳು ಕೈಯಾಗೆ ಹಿಡಿದ್ಲು.

"ಸುಣ್ಣಕ್ಕೆ ಕೆಂಪಾದ ಅರಿಶಿಣ ಹುಳಿ ಬಿದ್ರೆ ತಿರುಗಿ ಹಳದಿ ಆಗ್ತದೆ. ರಕ್ತ ಆದ್ರೆ ನಿಂಬೆಹಣ್ಣಿನ ತೋಟನೇ ಹಿಂಡಿದ್ರೂ ಹಳದಿ ಆಗಲ್ಲ. ಮೂವತ್ತೊಂದು ವರ್ಷ ನೋಡೀನಿ." ಹೋಳು ಮುಂದೆ ಚಾಚಿದ್ಲು. "ಆದ್ರೆ ನಾನು ಹಿಂಡಲ್ಲ. ಕಣ್ಕಟ್ಟು ಮಾಡಿದ್ಲು ಅಂತ ನಾಳೆ ಮಾತು ಬರಬಾರದು. ಯಜಮಾನ್ರೇ, ನಿಮ್ಮ ಕೈಯಾರೆ ಹಿಂಡ್ರಿ."

ವಾಮದೇವಪ್ಪ ಸಬ್ ಇನ್ಸ್‌ಪೆಕ್ಟರ್ ಮುಖ ನೋಡಿದ. ಅವನು ತಲೆ ಆಡಿಸಿದ. ಇಲ್ಲ ಅನ್ನಾಕೆ ದಾರಿ ಇರಲಿಲ್ಲ.

ಬಲಗೈಯಾಗೆ ಹೋಳು ಹಿಡ್ಕೊಂಡು, ಹೆಬ್ಬೆರಳು ಒತ್ತಿ, ಕೋಟಿನ ತೋಳಿನ ಮ್ಯಾಲೆ ಹಿಂಡಿದ.

ಮೊದ್ಲು ನಡುವೆ ಒಂದು ಚುಕ್ಕಿ. ಆಮೇಲೆ ಚುಕ್ಕಿ ಸುತ್ತ ಅಗಲ ಆಗ್ತಾ ಆಗ್ತಾ, ಕೆಂಪು ಕಲೆ ಮದುವಣಗಿತ್ತಿ ಸೀರೆ ಅಂಚಿನಂಗೆ ಹಳದಿ ಆಯ್ತು. ಹನುಮೇಶ ಎದ್ದು ಬಂದು ನೋಡಿದ. ಪೂಜಾ ಬಾಯಿ ಮುಚ್ಚಿಕೊಂಡ್ಲು. ಅಂಜನಕುಮಾರ ಮತ್ತೊಂದು ಸಲ ಮೂಸಿದ.

ಎಲ್ಲರ ಕಣ್ಣೂ ಕೋಟಿನ ಮ್ಯಾಲಿತ್ತು. ತಿಮ್ಮವ್ವನ ಕಣ್ಣು ಮಾತ್ರ ಅಲ್ಲಿರಲಿಲ್ಲ.

ಅವಳು ಹೆಬ್ಬೆರಳು ನೋಡ್ತಿದ್ಲು.

ವಾಮದೇವಪ್ಪನ ಹೆಬ್ಬೆರಳಿನ ಉಗುರಿನ ಸಂದಿ ಬೆಳಿಗ್ಗೆಯಿಂದ ಕೆಂಪಗಿತ್ತು. ಎಲೆ ಅಡಿಕೆ ಹಾಕೋರ ಬೆರಳು, ಕೆಂಪಿರೋದು ಸಹಜ ಅಂತ ಯಾರೂ ಎರಡನೇ ಸಲ ನೋಡಿರಲಿಲ್ಲ. ಆದ್ರೆ ಎಲೆ ಕೆಂಪು ಹುಳಿಗೆ ಹೆದರಲ್ಲ. ಈ ಕೆಂಪು ನಿಂಬೆರಸ ಇಳಿದ ಹಂಗೆ ಹಿಂದಕ್ಕೆ ಸರೀತು. ಸಂದಿ ಪೂರಾ ಹಳದಿ ಆಯ್ತು, ನಿನ್ನೆ ಅರಿಶಿಣ ಹಚ್ಚಿಸ್ಕೊಂಡ ಮದುಮಗನ ಉಗುರಿನಂಗೆ.

ಅಡಿಗಿ ಮನಿ ಹೊಸ್ತಿಲು ದಾಟದೋನ ಉಗುರು.

ವಾಮದೇವಪ್ಪ ತಲೆ ಎತ್ತಿದ. ತಿಮ್ಮವ್ವ ಎಲ್ಲಿ ನೋಡ್ತಾಳೆ ಅಂತ ನೋಡಿದ. ಹೋಳು ಕೆಳಗೆ ಬಿತ್ತು. ಕೈ ಮುಷ್ಟಿ ಆಯ್ತು.

"ರಕ್ತ ಅಲ್ಲ, ಒಪ್ಪಿದೆ," ಅಂದ ಅಂಜನಕುಮಾರ. "ಆದ್ರೆ ಬಾಟ್ಲಿ ಇನ್ನೂ ಸಿಕ್ಕಿಲ್ಲ. ಕೀಲಿ ಮೂರು. ಯಾರು ಅಂತ ಗೊತ್ತಿದ್ರೆ ಈಗ ಹೇಳ್ರಿ ತಿಮ್ಮವ್ವಾರೆ. ಇಲ್ಲ ಅಂದ್ರೆ ಕಂಪ್ಲೇಂಟಿನಾಗೆ ಇರೋ ಹೆಸರು ಇವನದೇ. ವಿಚಾರಣೆಗೆ ಕರ್ಕೊಂಡು ಹೋಗ್ಲೇಬೇಕಾಗ್ತೈತೆ."

ಗೇಟಿನ ಕಡೆಯಿಂದ ಅಂಜಿನವ್ವ ಎದ್ದು ನಿಂತದ್ದು ಕಿಟಕಿಯಾಗೆ ಕಾಣ್ತಿತ್ತು.

ತಿಮ್ಮವ್ವ ಇನ್ನೊಂದು ಹೋಳು ಕೈಗೆ ತಗೊಂಡ್ಲು.

"ಬಾಟ್ಲಿಗೆ ನೀರರಿಶಿಣ ತುಂಬಿದ ಕೈ ಯಾವುದು ಅಂತ ಹೇಳಾಕೆ ಇದು ಸಾಕು," ಅಂದ್ಲು. "ಎಲ್ಲರೂ ಕೈ ಮುಂದೆ ಇಡ್ರಿ."

ಹನುಮೇಶ ಇಟ್ಟ. ಪೂಜಾ ಇಟ್ಟಳು. ಯಾಕೋ ಏನೋ, ಸಬ್ ಇನ್ಸ್‌ಪೆಕ್ಟರೂ ಇಟ್ಟ.

ವಾಮದೇವಪ್ಪನ ಮುಷ್ಟಿ ಮೇಜಿನ ಅಂಚಿನ ತನಕ ಬಂದು ನಿಂತಿತು. ತೆರೀಲಿಲ್ಲ.

ಆಗ ಕುರ್ಚಿ ಇನ್ನೊಂದು ಸಲ ಕಿರ್ರಂತು. ಕಸ್ತೂರಮ್ಮ ಎದ್ದು ಬಂದ್ಲು. ಬರ್ತಾ ಬರ್ತಾ ಮಗನ ಕೈ ನೋಡಿದ್ಲು, ಮುಖ ನೋಡಿದ್ಲು. ಹೆತ್ತೋಳಿಗೆ ನಿಂಬೆಹಣ್ಣು ಬೇಕಾಗಲಿಲ್ಲ. ಆ ಮುಷ್ಟೀನ ತನ್ನ ಎರಡೂ ಕೈಯಾಗೆ ಮುಚ್ಚಿ ಹಿಡಿದ್ಲು.

"ಇವನ ಕೈ ನೋಡೋದು ಬ್ಯಾಡಪ್ಪ," ಅಂದ್ಲು ಸಬ್ ಇನ್ಸ್‌ಪೆಕ್ಟರ್‌ಗೆ. "ಬಾಟ್ಲಿ ಕದ್ದೋಳು ನಾನು. ಬರ್ಕೋ."

ಅಂಜನಕುಮಾರ ಪೆನ್ನು ತೆಗೆದು, ತಿಮ್ಮವ್ವನ ಮುಖ ನೋಡಿದ.

ತಿಮ್ಮವ್ವ ಏನಂದ್ಲು ಅಂತ ಕೇಳಬ್ಯಾಡ್ರಿ ಈಗ. ಇಷ್ಟೊತ್ತು ಕೈ ಕಟ್ಕೊಂಡು ಆರಾಮಾಗಿ ಕೂತು ಕೇಳಿದ್ರಲ್ಲ, ಆ ಕೈ ಬಿಚ್ರಿ ಮೊದ್ಲು. ಬೆಳಕಿಗೆ ಬರ್ರಿ, ಎರಡೂ ಹೆಬ್ಬೆರಳು ಮುಂದೆ ಚಾಚ್ರಿ. ಅರ್ಧ ನಿಂಬೆಹಣ್ಣು ಇನ್ನೂ ನನ್ನ ಹತ್ರನೇ ಐತೆ.